ಮಲಗಿದಲ್ಲಿಗೆ ಬರುವ ಹೊಗೆ

ನಮ್ಮೂರಿನಲ್ಲಿ ಹೊಗೆ ಆಕಾಶಕ್ಕೆ ಹೋಗುವುದಿಲ್ಲ. ಕಡ್ಡಿ ಗೀರಿದವರು ಎಲ್ಲಿ ಮಲಗುತ್ತಾರೋ ಅಲ್ಲಿಗೆ ಬರುತ್ತದೆ. ಬಂದು ಅವರ ತಲೆಯ ಮೇಲೆ, ಚಾವಣಿಯ ಕೆಳಗೆ ಕೂತುಬಿಡುತ್ತದೆ. ಮುಂದಿನ ನಿದ್ದೆ ಬೇರೆಲ್ಲಾದರೂ ಆಗುವ ತನಕ ಅಲ್ಲಿಂದ ಕದಲುವುದಿಲ್ಲ. ನಾಲ್ಕಾರು ದಿನಕ್ಕೆ ಹಳೆಯದು ಗೋಡೆಗೆ ಹತ್ತಿ ಮಸಿಯಾಗುತ್ತದೆ, ಅಷ್ಟರಲ್ಲಿ ಹೊಸದು ಬಂದಿರುತ್ತದೆ. ಬೇರೆ ಊರುಗಳಲ್ಲಿ ಹೊಗೆ ಮೇಲೇರಿ, ಯಾರದು ಯಾವುದು ಎಂದು ಗೊತ್ತಾಗದಂತೆ ಕಲೆತುಹೋಗುತ್ತದಂತೆ. ನನಗೆ ಅದೇ ವಿಚಿತ್ರವಾಗಿ ಕಾಣುತ್ತದೆ.

ಹಿಂದೆ ಇದರಿಂದ ಯಾರಿಗೂ ದೊಡ್ಡ ತೊಂದರೆ ಇರಲಿಲ್ಲ. ಅತ್ತೆ ಸೊಸೆಯರು ಒಲೆ ಹೊತ್ತಿಸುವ ಪಾಳಿ ಹಚ್ಚಿಕೊಂಡು ಜಗಳಾಡುತ್ತಿದ್ದರು. ಬೀಡಿ ಸೇದುವ ಗಂಡನ ಹಾಸಿಗೆಯನ್ನು ಹೆಂಡತಿ ಪಡಸಾಲೆಗೆ ಎಸೆಯುತ್ತಿದ್ದಳು. ಪೂಜಾರಿಯ ಮನೆ ಮಾತ್ರ ಊದುಬತ್ತಿಯ ಘಮದಲ್ಲಿ ತೇಲುತ್ತಿತ್ತು, ಅದಕ್ಕೆ ಆ ಮನೆಗೆ ಹೆಣ್ಣು ಕೊಡಲು ಜನ ಮುಗಿಬೀಳುತ್ತಿದ್ದರು. ಅವರವರ ಹೊಗೆ ಅವರವರು ಉಣ್ಣುತ್ತಿದ್ದರು. ಎರಡು ಸೌದೆ ಕಡಿಮೆ ಇಟ್ಟರೆ ಕೆಮ್ಮು ಕಡಿಮೆ, ಅದು ಸಣ್ಣ ಮಕ್ಕಳಿಗೂ ತಿಳಿಯುತ್ತಿತ್ತು.

ಆಮೇಲೆ ಸಾಹುಕಾರ ಚನ್ನವೀರಪ್ಪನವರು ಕರೆಂಟಿನ ಮನೆ ಕಟ್ಟಿಸಿದರು. ಹೊಗೆಗೆ ಲೆಕ್ಕ ಕಡ್ಡಿ ಗೀರಿದ ಕೈಯೇ ಹೊರತು ಗೀರು ಎಂದ ಬಾಯಲ್ಲ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅದನ್ನು ಉಪಯೋಗಕ್ಕೆ ಹಚ್ಚಿದವರು ಅವರೊಬ್ಬರೇ. ಬಾಯ್ಲರಿಗೆ ಇಂತಿಷ್ಟು ಒಲೆಬಾಯಿ, ಬಾಯಿಗೊಬ್ಬರಂತೆ ಕಡ್ಡಿ ಗೀರುವವರನ್ನು ನೇಮಿಸಿದರು. ನಮಗೆಂದೇ ಹಳ್ಳದ ಆಚೆ ಸಾಲುಮನೆ ಕಟ್ಟಿಸಿಕೊಟ್ಟರು. ಅದಕ್ಕೆ ಕಡ್ಡಿಗೇರಿ ಎಂದು ಹೆಸರು ಬಿತ್ತು. ನಾನು ಹುಲಿಗೆವ್ವ, ದೊಡ್ಡ ಬಾಯ್ಲರಿನ ನಡುವಿನ ಬಾಯಿಯವಳು. ನನ್ನ ಗಂಡ ಅದಕ್ಕೆ ಕಡ್ಡಿ ಗೀರುತ್ತಲೇ ಸತ್ತ, ಅವನ ನಂತರ ಆ ಕೆಲಸ ನನಗೆ ಬಂತು.

ಬೆಳಕು ಹರಿಯುವ ಮೊದಲು ಹೋಗಿ ಬೆಂಕಿ ಹೊತ್ತಿಸಿ ಬರುತ್ತೇವೆ. ಮಧ್ಯಾಹ್ನ ಉಂಡು ಮಲಗುತ್ತೇವೆ. ಮಲಗಿದ ಕೂಡಲೇ ಹಳ್ಳ ದಾಟಿ ಹೊಗೆ ಬರುತ್ತದೆ. ಊರಿನ ಕಡೆ ಚಿಮಣಿಗಳು ತೊಳೆದಿಟ್ಟ ಲೋಟದ ಹಾಗೆ ಹೊಳೆಯುತ್ತಿದ್ದರೆ ನಮ್ಮ ಕೇರಿಯಲ್ಲಿ ಹಗಲು ಹೊತ್ತಿನಲ್ಲೇ ದೀಪ ಬೇಕು. ಊರೊಳಗೆ ನಾವು ತೂಕಡಿಸುವ ಹಾಗೆ ಇಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಸಿನಿಮಾ ಟಾಕೀಸಿನಲ್ಲಿ ಕೋಲು ಹಿಡಿದ ಕಾವಲುಗಾರರು ಇರುತ್ತಾರೆ. ನಮ್ಮವರ ರೆಪ್ಪೆ ಜೋತರೆ ಸಾಕು, ಪಕ್ಕೆಗೆ ತಿವಿಯುತ್ತಾರೆ. ಅವರಲ್ಲಿ ಹುಸೇನಸಾಬ ಎಂಬುವನೊಬ್ಬ ಒಳ್ಳೆಯವನು. ತಿವಿಯುವ ಮೊದಲು ಒಮ್ಮೆ ಕೆಮ್ಮುತ್ತಾನೆ.

ಊರು ಬೆಳೆಯಿತು. ಇಲ್ಲ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಒಂದು ಬಾಯ್ಲರ್ ಇದ್ದಲ್ಲಿ ಹಲವು ಸಾಲುಗಟ್ಟಿ ನಿಂತವು. ನೂಲಿನ ಗಿರಣಿ ಬಂತು, ಗಾಜಿನ ಕಾರ್ಖಾನೆ ಬಂತು, ಮನೆಮನೆಗೆ ತಂಪುಪೆಟ್ಟಿಗೆ ಬಂತು. ಹಗಲಿನಲ್ಲೂ ಬೀದಿದೀಪ ಉರಿಯತೊಡಗಿದವು, ಆರಿಸುವವನಿಗೆ ಸಂಬಳ ಕೊಡುವುದಕ್ಕಿಂತ ಉರಿಸುವುದೇ ಸುಲಭವಂತೆ. ಅವರ ಮನೆಯ ಗೋಡೆ ಬೆಳ್ಳಗೇ ಇದ್ದುದರಿಂದ ಎಷ್ಟು ಉರಿಸಿದರೂ ಅವರಿಗೆ ಜಾಸ್ತಿ ಎನಿಸಲೇ ಇಲ್ಲ. ನನಗೆ ಸಿಟ್ಟು ಬರುವುದು ಅವರ ಸುಖ ನೋಡಿ ಅಲ್ಲ. ಸುಖ ಬೇಡ ಎನ್ನುವವರು ಯಾರು? ಆ ಸುಖ ಪುಕ್ಕಟೆ ಬಂತು ಎಂದು ಅವರು ನಂಬಿದರಲ್ಲ, ಅದಕ್ಕೆ ನನ್ನ ಮೈ ಉರಿಯುತ್ತದೆ.

ಮಾಡಬಾರದ ಕೆಲಸ ಆದದ್ದು ಹೋದ ವರ್ಷ. ಹೊಗೆ ಇಲ್ಲದ ಊರಿಗೆ ಸರ್ಕಾರದವರು ಬಿರುದು ಕೊಡುತ್ತಾರೆಂದು ಸುದ್ದಿ ಬಂತು. ಬಿರುದು ಬಂದರೆ ಇನ್ನೂ ನಾಲ್ಕು ಕಾರ್ಖಾನೆ ಬರುತ್ತವಂತೆ. ಸಾಹುಕಾರರು ಪಂಚಾಯಿತಿ ಕೂಡಿಸಿದರು. ಮುಂದಿನ ವಾರವೇ ಊರಿನ ಗಡಿಗಲ್ಲು ಕಿತ್ತು ಹಳ್ಳದ ಊರಿನ ಕಡೆಯ ದಂಡೆಗೆ ನೆಟ್ಟರು. ಕಡ್ಡಿಗೇರಿ ಇದ್ದಲ್ಲೇ ಇತ್ತು, ಊರು ಮಾತ್ರ ನಮ್ಮಿಂದ ಹಿಂದೆ ಸರಿಯಿತು. ನಾವು ಎಲ್ಲಿಯವರು ಎಂದು ಕೇಳಿದರೆ ಹೇಳಲು ಹೆಸರಿಲ್ಲದಂತಾಯಿತು.

ಅದಾದ ಮೇಲೆ ಗಿರಣಿಯ ಅಂಗಳದಲ್ಲಿ ಒಂದು ಸಭೆ. ನಿರಂಜನ ದೀಕ್ಷಿತ ಎಂಬ ಪ್ರೊಫೆಸರರನ್ನು ದೊಡ್ಡ ಪಟ್ಟಣದಿಂದ ಕರೆಸಿದ್ದರು. ಬಿಳಿ ಪರದೆಯ ಮೇಲೆ ಅವರು ಎರಡು ಗೆರೆ ತೋರಿಸಿದರು. ಹಸಿರು ಗೆರೆ ಊರಿನ ದುಡಿಮೆಯದು, ಮೇಲೆ ಮೇಲೆ ಹೋಗುತ್ತದೆ. ಕಪ್ಪು ಗೆರೆ ಊರಿನ ಹೊಗೆಯದು, ಗಡಿಗಲ್ಲು ಕೀಳುವವರೆಗೆ ಹಸಿರಿನ ಜೊತೆಜೊತೆಗೇ ಏರಿ, ಅಲ್ಲಿಂದ ಬಾವಿಗೆ ಬಿದ್ದಂತೆ ಕೆಳಗಿಳಿಯುತ್ತದೆ. ಇವೆರಡೂ ಒಂದರ ಕೈ ಒಂದು ಬಿಟ್ಟಿವೆ, ಇನ್ನು ಎಷ್ಟು ಬೇಕಾದರೂ ಬೆಳೆಯಬಹುದು, ಇದು ಜಗತ್ತಿಗೇ ಮಾದರಿ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿ ಹುಸೇನಸಾಬನ ಕೋಲಿನ ಪಕ್ಕದಲ್ಲೇ ನಿಂತಿದ್ದೆ.

“ಸರ, ಒಂದು ಮಾತು ಕೇಳ್ಲೇನ್ರಿ?” ಅಂದೆ.

“ಕೇಳಮ್ಮ.”

“ಆ ಕರೀ ಗೆರಿ ಕೆಳಗ ಇಳಿದೈತಲ್ರೀ, ಅದು ಯಾರ ಮನ್ಯಾಗ ಇಳಿದೈತಿ?”

ಯಾರೋ ನಕ್ಕರು. ಪ್ರೊಫೆಸರರು ನಗಲಿಲ್ಲ, ಅವರು ಸಭ್ಯರು. “ನಾವು ಅಳೆಯೋದು ಗಡಿ ಒಳಗಿರೋ ಹೊಗೆನ ಅಮ್ಮ. ಗಡಿ ಹೊರಗಿಂದು ನಮ್ಮ ಲೆಕ್ಕಕ್ಕೆ ಬರೋದಿಲ್ಲ. ಅದು ಶಾಸ್ತ್ರದ ನಿಯಮ” ಎಂದರು.

“ಬೆಂಕಿ ಗಡಿ ಒಳಗ ಐತ್ರಿ. ಪಂಖಾ ಗಡಿ ಒಳಗ ತಿರಗತಾವು. ಹೊಗಿ ಅಷ್ಟ ಹೊರಗಿನ್ದೇನು?”

ಸಾಹುಕಾರರು ಮೈಕು ತೆಗೆದುಕೊಂಡು, ತಾಯಿಯ ಕಳಕಳಿ ದೊಡ್ಡದು, ಎಲ್ಲರೂ ಇನ್ನೊಮ್ಮೆ ಚಪ್ಪಾಳೆ ತಟ್ಟಿರಿ ಎಂದರು. ತಟ್ಟಿದರು. ನನ್ನ ಪ್ರಶ್ನೆ ಆ ಸದ್ದಿನಲ್ಲಿ ಮುಳುಗಿಹೋಯಿತು.

ಇದನ್ನೆಲ್ಲ ನುಂಗಿಕೊಂಡು ಇರುತ್ತಿದ್ದೆನೋ ಏನೋ. ಆದರೆ ನನ್ನ ಮಗಳು ಕಸ್ತೂರಿಗೆ ದಿನ ತುಂಬಿದ್ದವು. ಅವಳು ಹುಟ್ಟಿದಾಗಿನಿಂದ ಒಂದು ಕಡ್ಡಿಯನ್ನೂ ಅವಳ ಕೈಗೆ ಕೊಟ್ಟಿಲ್ಲ. ಒಲೆ ನಾನೇ ಹೊತ್ತಿಸುತ್ತೇನೆ, ದೇವರ ದೀಪವನ್ನೂ ನಾನೇ ಹಚ್ಚುತ್ತೇನೆ. ಕೇರಿಯ ಹುಡುಗನನ್ನೇ ಮೆಚ್ಚಿ ಮದುವೆಯಾದಳು, ಅದಕ್ಕೆ ಕೇರಿಯಲ್ಲೇ ಉಳಿದಳು. ಹಿಂದಿನ ಸಲ ಹೆರಿಗೆ ನಮ್ಮ ಮನೆಯಲ್ಲೇ ಆಯಿತು. ಕೂಸು ನೀಲಿಯಾಗಿ ಬಂತು, ಬಾಯಿ ತೆರೆಯಿತು, ಅಳಲಿಲ್ಲ. ಆ ಹೊಗೆಯಲ್ಲಿ ಅದಕ್ಕೆ ಅಳಲು ಗಾಳಿಯೇ ಸಿಗಲಿಲ್ಲ. ಈ ಸಲ ಏನಾದರೂ ಆಗಲಿ, ಕೂಸು ಊರಿನ ಆಸ್ಪತ್ರೆಯಲ್ಲಿ ಹುಟ್ಟಬೇಕು ಎಂದು ನಾನು ಮೊದಲೇ ಹೇಳಿಬಿಟ್ಟಿದ್ದೆ.

ಹೆಸರು ಬರೆಸಲು ಹೋದೆವು. ಡಾಕ್ಟರ್ ವಿಮಲಾಬಾಯಿ ಕಸ್ತೂರಿಯ ಹೊಟ್ಟೆ ಮುಟ್ಟಿ ನೋಡಿದರು, ಕೂಸು ಗಟ್ಟಿ ಇದೆ ಎಂದರು, ಆಮೇಲೆ ಮನೆ ಎಲ್ಲಿ ಎಂದು ಕೇಳಿದರು. ಹೇಳಿದೆ. ಅವರು ನನ್ನ ಮುಖ ಬಿಟ್ಟು ಕಿಟಕಿಯ ಕಡೆ ನೋಡಿದರು.

“ಈ ಆಸ್ಪತ್ರೆ ಊರಿನವರಿಗಷ್ಟೇ ಹುಲಿಗೆವ್ವ. ಕಡ್ಡಿಗೇರಿ ಈಗ ಊರಲ್ಲ” ಎಂದರು.

“ನನ್ನ ಮಗಳ ಕೈ ಸ್ವಚ್ಛ ಐತ್ರಿ. ಆಕಿ ಮಲಗಿದರ ಒಂದು ಎಳಿ ಹೊಗಿ ಬರೂದಿಲ್ಲ.”

“ನಾನು ನಂಬ್ತೀನಿ. ನಿಯಮ ನಂಬೋದಿಲ್ಲ.”

ಆ ಆಸ್ಪತ್ರೆಯಲ್ಲಿ ಉರಿಯುವ ಒಂದೊಂದು ದೀಪವೂ ನನ್ನ ಕಡ್ಡಿಯಿಂದ ಉರಿಯುವುದು. ಕೂಸುಗಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ನನ್ನ ಕಡ್ಡಿಯಿಂದ ಬೆಚ್ಚಗಾಗುವುದು. ನಿಯಮವಂತೆ. ನಾನು ಮಗಳ ಕೈ ಹಿಡಿದು ಹಳ್ಳ ದಾಟಿಸಿಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ಅವಳು ನನಗೇ ಸಮಾಧಾನ ಹೇಳುತ್ತಿದ್ದಳು.

ಬಿರುದು ಕೊಡುವ ದಿನ ಬೆಳಿಗ್ಗೆಯೇ ಕಸ್ತೂರಿಗೆ ನೋವು ಶುರುವಾಯಿತು. ಕಡ್ಡಿಯವರೆಲ್ಲರಿಗೂ ಸಮಾರಂಭಕ್ಕೆ ಕರೆ ಇತ್ತು, ಎಲ್ಲರಿಗೂ ಹೊಸ ಬಿಳಿ ಬಟ್ಟೆ ಕೊಟ್ಟಿದ್ದರು. ನನಗೆ ಶಾಲು ಹೊದಿಸಿ ಅಗ್ನಿಮಾತೆ ಎಂದು ಬಿರುದು ಕೊಡುವವರಿದ್ದರು. ಊರಿಗೊಂದು ಬಿರುದು, ನನಗೊಂದು ಬಿರುದು. ನಾನು ಬರುವುದಿಲ್ಲ ಎಂದು, ಕರೆಯಲು ಬಂದ ಕಾರಿನವನನ್ನು ಬೈದು ಕಳಿಸಿದೆ. ಸೂಲಗಿತ್ತಿ ನೀಲವ್ವ ನನ್ನನ್ನು ಹೊರಗೆ ಕರೆದಳು.

“ಕೂಸು ಸರಿ ಐತಿ. ಆಕಿಗೆ ಉಸರು ಸಾಲವಲ್ದು. ತಿಣಕಾಕ ಗಾಳಿ ಬೇಕಲ್ಲ ಹುಲಿಗಿ, ಇಲ್ಲಿ ಎಲ್ಲೈತಿ ಗಾಳಿ? ಹೋದ ಸಲ ಹಿಂಗ ಆಗಿತ್ತು” ಎಂದಳು.

“ಎಷ್ಟೊತ್ತು ತಡೀತಾಳ?”

“ಸಂಜಿ ಮಟ ಅಂತೂ ಇಲ್ಲ.”

ಕಾರಿನವನು ಇನ್ನೂ ಹಳ್ಳದ ಹತ್ತಿರವೇ ನಿಂತಿದ್ದ. ಸಾಹುಕಾರರ ಕಾಲು ಹಿಡಿದಾದರೂ ಒಂದು ಹಾಸಿಗೆ ಕೇಳಿಬರುತ್ತೇನೆಂದು ಓಡಿಹೋಗಿ ಹತ್ತಿದೆ.

ಪುರಭವನದ ಮೆಟ್ಟಿಲ ಮೇಲೆ ಸಾಹುಕಾರರು ಅತಿಥಿಗಳಿಗೆ ಕಾಯುತ್ತಿದ್ದರು. ನಿಜವಾಗಿಯೂ ಕಾಲು ಹಿಡಿದೆ. ಅವರು ಎಬ್ಬಿಸಿದರು. ಕೆಟ್ಟ ಮನುಷ್ಯರೇನಲ್ಲ, ಕಣ್ಣಲ್ಲಿ ನೀರೂ ಬಂತು. “ಇವತ್ತೊಂದಿನ ತಡಿ ಹುಲಿಗೆವ್ವ. ಬಿರುದು ಕೈಗೆ ಬರ್ಲಿ, ನಾಳೆ ನಾನೇ ನಿಂತು ಸೇರಿಸ್ತೀನಿ. ಇವತ್ತು ಕೇರಿಯವರು ಒಬ್ಬರು ಆಸ್ಪತ್ರ್ಯಾಗ ಮಲಗ್ಯಾರ ಅಂತ ಬಂದವರ ಕಿವಿಗೆ ಬಿದ್ದರ ಊರಿನ ಗತಿ ಏನು?” ಎಂದರು. ಕೂಸಿಗೆ ನಾಳೆ ಹುಟ್ಟು ಎಂದು ಹೇಳಿಕಳಿಸಲೇನು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಅತಿಥಿಗಳ ಕಾರು ಬಂತು, ಅವರು ಹಾರ ಹಿಡಿದು ಆ ಕಡೆ ಓಡಿದರು. ಇನ್ನೊಮ್ಮೆ ಕೇಳದೆ ಬಿಡಬಾರದೆಂದು ನಾನೂ ಅವರ ಹಿಂದೆ ಹೋದೆ.

ಒಳಗೆ ಮುಂದಿನ ಸಾಲುಗಳಲ್ಲಿ ನಮ್ಮವರೆಲ್ಲ ಬೆಳ್ಳಗೆ ಕೂತಿದ್ದರು. ಹೊತ್ತು ಮಧ್ಯಾಹ್ನವಾಗಿತ್ತು. ನಾವು ದಿನಾ ಮಲಗುವ ಹೊತ್ತು ಅದು. ಎದ್ದಿರಲೆಂದು ಎಲ್ಲರಿಗೂ ಕಡಕ್ ಚಹಾ ಕೊಟ್ಟಿದ್ದರು, ಸಾಲಿಗೊಬ್ಬ ಕಾವಲುಗಾರನನ್ನು ನಿಲ್ಲಿಸಿದ್ದರು. ಪ್ರೊಫೆಸರರು ಮತ್ತೆ ಗೆರೆ ತೋರಿಸಿದರು. ಸರ್ಕಾರದವರು ಗೆರೆ ನೋಡಿ ತಲೆದೂಗಿದರು. ನನ್ನ ಹೆಸರು ಕರೆದರು. ಶಾಲು ಹೊದಿಸಿದರು. ಎರಡು ಮಾತು ಆಡು ಎಂದು ಮೈಕು ಕೊಟ್ಟರು.

ಧನ್ಯವಾದ ಹೇಳಿ ಇಳಿಯಬೇಕೆಂದು ಮೊದಲೇ ಕಲಿಸಿದ್ದರು. ವೇದಿಕೆಯ ಮೇಲಿಂದ ನಮ್ಮವರ ಮುಖ ನೋಡಿದೆ. ಒಬ್ಬೊಬ್ಬರ ಕಣ್ಣೂ ಕೆಂಡದಂತೆ ಕೆಂಪಾಗಿತ್ತು, ರೆಪ್ಪೆ ಭಾರವಾಗಿ ಜೋಲುತ್ತಿತ್ತು. ಈ ಜನರ ಹೊಗೆಯೇ ನನ್ನ ಮಗಳ ಮೇಲೆ ಕೂತಿದೆ, ಇವರು ಇಲ್ಲಿ ಮಲಗಿದರೆ ಅದು ಅಲ್ಲಿಂದ ಎದ್ದು ಬರುತ್ತದೆ ಎಂಬುದು ಆಗ ಹೊಳೆಯಿತು. ಇಷ್ಟು ವರ್ಷ ಯಾಕೆ ಹೊಳೆದಿರಲಿಲ್ಲವೋ ಕಾಣೆ. ಊರಲ್ಲಿ ಮಲಗಬಾರದು ಎಂದು ನಮಗೆ ನಾವೇ ಅಷ್ಟು ಚೆನ್ನಾಗಿ ಕಲಿಸಿಕೊಂಡಿದ್ದೆವು.

“ಅಣ್ಣಗೋಳ್ರ್ಯಾ, ಅಕ್ಕಗೋಳ್ರ್ಯಾ” ಅಂದೆ. “ನನ್ನ ಕಸ್ತೂರಿ ಬ್ಯಾನಿ ತಿನ್ನಾಕತ್ತಾಳ. ಆಕಿಗೆ ಉಸರು ಸಿಗವಲ್ದು. ಆಕಿ ತಲಿ ಮ್ಯಾಲೆ ಕುಂತಿದ್ದು ನಮ್ಮ ಹೊಗಿ. ನನ್ನ ಕೈಯಾಗ ಬ್ಯಾರೆ ಏನಿಲ್ಲ. ಎಲ್ಲಾರೂ ಇಲ್ಲೇ ಒಂದೀಟು ನಿದ್ದಿ ಮಾಡ್ರಿ.”

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮುಂದಿನ ಸಾಲಿನ ಮುದುಕನೊಬ್ಬ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ಅವನ ಹೆಗಲಿಗೆ ಅವನ ಹೆಂಡತಿ ಒರಗಿದಳು. ಎಷ್ಟೋ ವರ್ಷದಿಂದ ಅರೆನಿದ್ದೆಯಲ್ಲಿ ಬದುಕಿದವರಿಗೆ ನಿದ್ದೆ ಮಾಡಲು ಕಲಿಸಬೇಕೇ? ಸಾಲಿಗೆ ಸಾಲೇ ವಾಲಿತು. ಕಾವಲುಗಾರರು ತಿವಿದರು, ಕೂಗಿದರು. ಒಬ್ಬನನ್ನು ಎಬ್ಬಿಸುವಷ್ಟರಲ್ಲಿ ಹತ್ತು ಜನ ಗೊರಕೆ ಹೊಡೆಯುತ್ತಿದ್ದರು. ಕಿಟಕಿಯ ಹತ್ತಿರ ಕೂತ ಹೆಂಗಸೊಬ್ಬಳು ಕಿರುಚಿದಳು. ಹಳ್ಳದ ಕಡೆಯಿಂದ ಹೊಗೆ ಬರುತ್ತಿತ್ತು. ಗಡಿಗಲ್ಲಿನ ಮೇಲೆ ಹಾದು, ಪೇಟೆಬೀದಿ ತುಂಬಿಕೊಂಡು, ನಿಧಾನವಾಗಿ ಬಂದು ಪುರಭವನದ ಬಾಗಿಲಲ್ಲಿ ನುಗ್ಗಿತು. ಬಿಳಿ ಪರದೆ ಕಪ್ಪಾಯಿತು, ಗೆರೆಗಳು ಕಾಣದಾದವು. ಪ್ರೊಫೆಸರರು ಮೇಜಿನ ಕೆಳಗೆ ಕೂತು ಕೆಮ್ಮುತ್ತಿದ್ದರು. ಅವರಿಗೆ ಅದು ಮೊದಲ ಸಲ, ನನಗೆ ಸ್ವಲ್ಪ ಅಯ್ಯೋ ಎನಿಸಿತು. ಸ್ವಲ್ಪವೇ.

ಎಲ್ಲರೂ ಮಲಗಿದರು, ನನ್ನೊಬ್ಬಳಿಗೆ ನಿದ್ದೆ ಬರಲಿಲ್ಲ.

ವೇದಿಕೆಯ ಹಲಗೆಯ ಮೇಲೆ ಶಾಲು ಹೊದ್ದು ಮಲಗಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ. ಮುಚ್ಚಿದರೆ ಕಸ್ತೂರಿಯ ಮುಖ ಕಾಣುತ್ತಿತ್ತು. ಮಗಳು ನೋವು ತಿನ್ನುವಾಗ ಯಾವ ತಾಯಿಗೆ ನಿದ್ದೆ ಹತ್ತುತ್ತದೆ? ಕೇರಿಯವರ ಹೊಗೆಯೆಲ್ಲ ಇಲ್ಲಿಗೆ ಬಂದಿತ್ತು. ಎಲ್ಲಕ್ಕಿಂತ ದಪ್ಪನೆಯದು, ದೊಡ್ಡ ಬಾಯ್ಲರಿನದು, ನನ್ನದು, ಅದು ಮಾತ್ರ ನನ್ನ ಮನೆಯ ಚಾವಣಿಯ ಕೆಳಗೆ, ನನ್ನ ಮಗಳ ಎದೆಯ ಮೇಲೆ ಕೂತಿತ್ತು. ಅವಳ ಉಸಿರಿಗೆ ಈಗ ಅಡ್ಡವಾಗಿದ್ದವಳು ನಾನೊಬ್ಬಳೇ. ಎದ್ದು ಹೊರಗೆ ಓಡಿದೆ. ಪಡಸಾಲೆಯಲ್ಲಿ ವಿಮಲಾಬಾಯಿ ಮೂಗಿಗೆ ಸೆರಗು ಹಿಡಿದು, ಯಾರೋ ಅತಿಥಿಗೆ ಸೂಜಿ ಚುಚ್ಚುತ್ತಿದ್ದರು. ಅವರ ಕೈ ಹಿಡಿದೆ.

“ನಿದ್ದಿ ಬರೂ ಸೂಜಿ ಐತೇನ್ರಿ? ನನಗ ಚುಚ್ರಿ. ನನ್ನ ಹೊಗಿ ಇನ್ನೂ ಆಕಿ ಮ್ಯಾಲೇ ಐತಿ.”

ಅವರು ಚೀಲ ತೆರೆದು ಸೂಜಿ ಚುಚ್ಚಿದರು. ಯಾಕೆ ಚುಚ್ಚಿದರೋ ನನಗೆ ಗೊತ್ತಿಲ್ಲ. ಮನಸ್ಸು ಕರಗಿರಬಹುದು, ಈ ಹೆಂಗಸಿನ ಕಾಟ ತಪ್ಪಲಿ ಎಂದಿರಬಹುದು. ಮಗಳಿಗೆ ಹಾಸಿಗೆ ಕೊಡದವರನ್ನು ನಾನು ಅಷ್ಟಕ್ಕೇ ಕ್ಷಮಿಸಿಲ್ಲ. ಹುಸೇನಸಾಬ ತನ್ನ ಕೋಲನ್ನು ಗೋಡೆಗೆ ಒರಗಿಸಿ, ನನ್ನ ತಲೆಯ ಕೆಳಗೆ ತನ್ನ ಮಡಚಿದ ಕೋಟು ಇಟ್ಟ. “ಮಲ್ಕೋ ಅಕ್ಕಾ. ಯಾರ್ನೂ ಎಬ್ಬಸಾಕ ಬಿಡೂದಿಲ್ಲ” ಎಂದ. ಅದೇ ನಾನು ಕೇಳಿದ ಕೊನೆಯ ಮಾತು.

ಮುಂದಿನದನ್ನು ನೀಲವ್ವ ಹೇಳಿದ್ದಾಳೆ. ನನ್ನ ಮನೆಯ ಚಾವಣಿಯಿಂದ ಹೊಗೆ ಒಂದು ದೊಡ್ಡ ದನ ಎದ್ದ ಹಾಗೆ ಮೈ ಕೊಡವಿಕೊಂಡು ಎದ್ದು ಬಾಗಿಲು ದಾಟಿತಂತೆ. ಕಸ್ತೂರಿ ಒಂದು ಉದ್ದನೆಯ ಉಸಿರು ಎಳೆದುಕೊಂಡು, “ಯವ್ವಾ, ಬಿಸಲು” ಎಂದಳಂತೆ. ನಮ್ಮ ಗೋಡೆಯ ಮೇಲೆ ಬಿಸಿಲು ಬಿದ್ದದ್ದನ್ನು ಅವಳು ಎಂದೂ ನೋಡಿರಲಿಲ್ಲ. ಹೆಣ್ಣುಕೂಸು. ಹುಟ್ಟಿದ ಕೂಡಲೇ ಎಂಥ ಅಳು ಅತ್ತಿತೆಂದರೆ ಕೇರಿಯ ನಾಯಿಗಳೆಲ್ಲ ಎದ್ದು ನಿಂತವಂತೆ.

ಬಿರುದು ಬರಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದರು, ತೆಗೆಯಲಿಲ್ಲ. ದೊಡ್ಡ ಬಾಯ್ಲರಿಗೆ ಕಡ್ಡಿ ಗೀರಲು ಬೇರೆ ಯಾರೂ ಒಪ್ಪಲಿಲ್ಲ. ನಾನು ಕೇರಿಗೆ ಹೋಗಿ ಮೊಮ್ಮಗಳನ್ನು ಎತ್ತಿಕೊಳ್ಳುತ್ತೇನೆ, ಸ್ನಾನ ಮಾಡಿಸುತ್ತೇನೆ, ಕಣ್ಣು ಭಾರವಾದ ಕೂಡಲೇ ಎದ್ದು ಹಳ್ಳ ದಾಟುತ್ತೇನೆ. ಮಲಗುವುದು ಸಾಹುಕಾರರ ಮನೆಯ ಕಟ್ಟೆಯ ಮೇಲೆ. ಕಟ್ಟೆಯ ಒಂದು ಮಗ್ಗುಲು ಬೀದಿಗೆ ಸೇರಿದ್ದು, ಅಲ್ಲಿಂದ ಓಡಿಸುವ ಹಾಗಿಲ್ಲ. ಕೇರಿಯವರೂ ಅವರವರಿಗೆ ಹಿಡಿಸಿದ ಜಾಗ ನೋಡಿಕೊಂಡಿದ್ದಾರೆ, ಕೆಲವರು ಗಿರಣಿಯ ಮುಂದೆ, ಕೆಲವರು ಪಂಚಾಯಿತಿಯ ಮೆಟ್ಟಿಲ ಮೇಲೆ. ಕೋಲು ಹಿಡಿದವರು ಬರುತ್ತಾರೆ, ತಿವಿಯುತ್ತಾರೆ, ನಾವು ಏಳುತ್ತೇವೆ, ಮತ್ತೆ ಮಲಗುತ್ತೇವೆ.

ಹೊಗೆ ಕಂಡರೆ ಬೆಂಕಿ ಕಡಿಮೆ ಮಾಡುತ್ತಾರೆ ಎಂದುಕೊಂಡಿದ್ದೆ. ನನ್ನದು ದಡ್ಡತನ. ಹಗಲಿನ ಬೀದಿದೀಪ ಒಂದನ್ನೂ ಆರಿಸಲಿಲ್ಲ. ಪ್ರೊಫೆಸರರನ್ನು ಮತ್ತೆ ಕರೆಸಿದರು, ಹೊಗೆಯನ್ನು ಹಳ್ಳದಾಚೆ ತಳ್ಳಲು ಆಳೆತ್ತರದ ಪಂಖಾಗಳನ್ನು ತರಿಸಿದರು. ಆ ಪಂಖಾ ತಿರುಗಲು ಈಗಿರುವ ಕರೆಂಟು ಸಾಲದಂತೆ. ಅದಕ್ಕೆ ಇನ್ನೊಂದು ಬಾಯ್ಲರ್ ಕಟ್ಟಿದ್ದಾರೆ, ಎಲ್ಲಕ್ಕಿಂತ ದೊಡ್ಡದು.

ನಿನ್ನೆ ಮಧ್ಯಾಹ್ನ ಸಾಹುಕಾರರು ಕೆಮ್ಮುತ್ತ ಕಟ್ಟೆಗೆ ಬಂದರು. ಅವರ ಬಿಳಿ ಅಂಗಿ ನಮ್ಮ ಕೇರಿಯವರ ಅಂಗಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟು ವಯಸ್ಸಾದವರು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತರು.

“ಹೊಸಾದಕ್ಕ ನೀನ ಕಡ್ಡಿ ಗೀರಬೇಕು ಹುಲಿಗೆವ್ವ. ಬ್ಯಾರೆ ಯಾರೂ ಕೈ ಹಚ್ಚವಲ್ರು. ಊರಿನ ಸಲುವಾಗಿ” ಎಂದರು.

“ಯಾವ ಊರ್ರೀ? ನಂದು ಗಡಿ ಹೊರಗ” ಅಂದೆ.

“ಗಡಿಗಲ್ಲು ಮತ್ತ ಮೊದಲಿನ ಜಾಗಾಕ್ಕ ಇಡಸ್ತೀನಿ.”

“ಇಡಸ್ರಿ. ಅದು ನನ್ನ ಮಗಳಿಗೆ ಆಸ್ಪತ್ರಿ ಬೇಕಾದಾಗ ಇಡಸಬೇಕಾಗಿತ್ತು.”

ಅವರು ಏಳಲಿಲ್ಲ. ನಾನು ಸೆರಗಿನ ಗಂಟು ಬಿಚ್ಚಿ ಕಡ್ಡಿಪೆಟ್ಟಿಗೆ ತೆಗೆದು ಅವರ ಅಂಗೈಯಲ್ಲಿಟ್ಟು, ಬೆರಳು ಮಡಚಿದೆ. “ಬೆಂಕಿ ನಿಮಗ ಬೇಕಲ್ರಿ. ನೀವ ಗೀರ್ರಿ” ಎಂದೆ. ಅವರು ಮುಷ್ಟಿ ಬಿಚ್ಚಲೂ ಇಲ್ಲ, ಪೆಟ್ಟಿಗೆ ವಾಪಸು ಕೊಡಲೂ ಇಲ್ಲ. ನಾನು ಬೆಳಕು ಹರಿಯುವ ಮೊದಲೇ ಎದ್ದವಳು, ನಿದ್ದೆ ಒತ್ತರಿಸಿಕೊಂಡು ಬರುತ್ತಿತ್ತು. ಅವರಿಗೆ ಬೆನ್ನು ಮಾಡಿ ಮಲಗಿದೆ.